ಕಡತ ಕಟ್ಟುವುದೂ ವಕೀಲಿಕೆಯೇ

ಕಾನೂನು ಪದವಿ ಮುಗಿಸಿ, ತಾಲ್ಲೂಕು ನ್ಯಾಯಾಲಯದಲ್ಲಿ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿ ಎರಡು ವರ್ಷವಾಯಿತು. ‘ಇನ್ನೂ ಫೈಲ್ ಜೋಡಿಸ್ತಾನೇ ಇದೀಯಾ? ವಾದ ಮಾಡೋದು ಯಾವಾಗ?’ ಎಂದು ಗೆಳೆಯರು ಛೇಡಿಸುತ್ತಾರೆ. ಸಿನಿಮಾ ನೋಡಿ ಬೆಳೆದ ನಮಗೆ ಕೋರ್ಟ್ ಎಂದರೆ ಮೇಜು ಕುಟ್ಟಿ ಆಡುವ ಮಾತು. ಆದರೆ ಆ ಮಾತಿಗೆ ಬಲ ಬರುವುದು ಕಡತದಿಂದ.

ನಮ್ಮ ಕಚೇರಿಗೆ ಹೆಚ್ಚಾಗಿ ಬರುವುದು ಪಾಲುವಿಭಾಗದ ದಾವೆಗಳು. ತವರಿನ ಆಸ್ತಿಯಲ್ಲಿ ಪಾಲು ಕೇಳಿ ಬರುವ ಹೆಣ್ಣುಮಕ್ಕಳು ಚೀಲದಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿಯುತ್ತಾರೆ. ಪಹಣಿ, ಕ್ರಯಪತ್ರದ ನಕಲು, ಕಂದಾಯದ ರಸೀದಿ, ಲಗ್ನಪತ್ರಿಕೆ ಎಲ್ಲವೂ ಒಟ್ಟಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರ ಅಥವಾ ಡಿಕ್ರಿಯ ಮೂಲಕ ವಿಭಾಗ ಆಗಿದ್ದರೆ, ಅದು ಹಾಗೆಯೇ ಉಳಿಯುತ್ತದೆ. ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದಾಗ, ಅದೂ ಅಪರೂಪಕ್ಕೆ ಮಾತ್ರ ಒಪ್ಪಬಹುದು ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ‘ಆಗಲೇ ಭಾಗ ಆಗಿದೆ’ ಎಂದು ಅಣ್ಣತಮ್ಮಂದಿರು ಹೇಳಿದರೆ, ಅಂದಿನ ಪಹಣಿಯಲ್ಲಿ ಯಾರ ಹೆಸರಿತ್ತು, ಇ.ಸಿ.ಯಲ್ಲಿ ವಿಭಾಗಪತ್ರ ಕಾಣುತ್ತದೆಯೇ ಎಂಬುದೇ ಮುಖ್ಯವಾಗುತ್ತದೆ. ಒಂದು ತಾರೀಕಿನ ಮೇಲೆ ಒಬ್ಬ ಅಕ್ಕನ ಪಾಲು ನಿಂತಿರುತ್ತದೆ.

ಅದಕ್ಕೇ ನಾವು ಮೊದಲು ವಂಶವೃಕ್ಷ ಬರೆಯುತ್ತೇವೆ, ನಂತರ ತಾರೀಕುಗಳ ಪಟ್ಟಿ. ಆಮೇಲೆ ಪ್ರತಿ ವಿವಾದಾಂಶದ ಎದುರು ಅದನ್ನು ರುಜುವಾತುಪಡಿಸುವ ದಾಖಲೆ ಯಾವುದು, ಸಾಕ್ಷಿ ಯಾರು, ಎದುರುಪಕ್ಷ ಏನು ಕೇಳಬಹುದು ಎಂದು ಗುರುತಿಸುತ್ತೇವೆ. ಮೂಲ ಪ್ರತಿ ಇದೆಯೇ, ದೃಢೀಕೃತ ನಕಲು ತರಬೇಕೇ ನೋಡುತ್ತೇವೆ. ಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆಯಾಗಿದ್ದರೆ, ಬಾಕಿ ಮತ್ತು ದಂಡ ಕಟ್ಟುವವರೆಗೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಮೊಬೈಲ್‌ನಲ್ಲಿರುವ ಸಂಭಾಷಣೆಯ ನಕಲು ಹಾಜರುಪಡಿಸಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಇವೆಲ್ಲ ಪಾಟೀಸವಾಲಿನ ದಿನ ನೆನಪಾದರೆ ಆಗುವುದು ಇನ್ನೊಂದು ವಾಯಿದೆ ಅಷ್ಟೆ. ಬಸ್ ಚಾರ್ಜು, ಒಂದು ದಿನದ ಕೂಲಿ ಕಳೆದುಕೊಳ್ಳುವವರು ಕಕ್ಷಿದಾರರು. ಮೇಲ್ಮನವಿಯಲ್ಲಿ ನೋಡೋಣ ಎನ್ನುವಂತೆಯೂ ಇಲ್ಲ. ಅಲ್ಲಿ ಹೊಸ ಸಾಕ್ಷ್ಯಕ್ಕೆ ಸುಲಭವಾಗಿ ಅವಕಾಶ ಸಿಗುವುದಿಲ್ಲ.

ಇದನ್ನು ಕಲಿಸಬೇಕೆಂದು ನಿಯಮವೇ ಇದೆ. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ವಿಚಾರಣಾಪೂರ್ವ ಸಿದ್ಧತೆ, ಕಕ್ಷಿದಾರರ ಸಂದರ್ಶನ ಮತ್ತು ಇಂಟರ್ನ್‌ಶಿಪ್ ದಿನಚರಿಗೆ ಸೇರಿ 30 ಅಂಕಗಳಿವೆ. ನಾನು ಕಂಡಂತೆ ಹಲವರಿಗೆ ಅದು ಪುಸ್ತಕ ತುಂಬಿಸುವ ಶಾಸ್ತ್ರ. ಅಣಕು ನ್ಯಾಯಾಲಯ ಸ್ಪರ್ಧೆಗೆ ಕೊಡುವ ಮಹತ್ವದಲ್ಲಿ ಅರ್ಧದಷ್ಟನ್ನಾದರೂ ಕಾಲೇಜುಗಳು ಇದಕ್ಕೆ ಕೊಡಬೇಕು. ಹಳೆಯ, ಇತ್ಯರ್ಥವಾದ ಪ್ರಕರಣವೊಂದರ ಕಾಗದಗಳನ್ನು ಹೆಸರು ಅಳಿಸಿ ಕೊಟ್ಟು, ‘ಇದನ್ನು ವಿಚಾರಣೆಗೆ ಸಿದ್ಧಪಡಿಸಿ’ ಎಂದರೆ ಸಾಕು. ಹಿರಿಯ ವಕೀಲರೂ ಈ ದುಡಿಮೆಗೆ ತಕ್ಕ ಸಂಭಾವನೆ ಕೊಡಬೇಕು.

ಕಾನೂನು ಓದುತ್ತಿರುವ ಗೆಳೆಯರೇ, ಮುಂದಿನ ಇಂಟರ್ನ್‌ಶಿಪ್‌ನಲ್ಲಿ ಸಹಿಗಾಗಿ ಮಾತ್ರ ಕಾಯಬೇಡಿ. ಒಂದು ಕಡತ ಕೇಳಿ ಪಡೆದು, ಕೂತು ತಾರೀಕುಗಳ ಪಟ್ಟಿ ಮಾಡಿ. ಯಾವ ಕಾಗದ ಇಲ್ಲ ಎಂಬುದು ಆಗ ಕಾಣುತ್ತದೆ. ಅದನ್ನು ವಿಚಾರಣೆಗೆ ಮುಂಚೆ ಕಂಡುಹಿಡಿದರೆ, ಕಕ್ಷಿದಾರರಿಗೆ ನೀವು ಆಗಲೇ ವಕೀಲರು.