ವಿದ್ಯೆಗೆ ಅಧಿಕಾರಿ ಯಾರು?

ನಮ್ಮ ಪೂರ್ವಿಕರು ಶಾಸ್ತ್ರಗ್ರಂಥವನ್ನು ಆರಂಭಿಸುವ ಮೊದಲೇ ನಾಲ್ಕು ಸಂಗತಿಗಳನ್ನು ನಿರ್ಣಯಿಸಿಕೊಳ್ಳುತ್ತಿದ್ದರು. ವಿಷಯವಾವುದು, ಪ್ರಯೋಜನವೇನು, ಸಂಬಂಧವೆಂತಹುದು, ಓದಲು ಅಧಿಕಾರಿ ಯಾರು ಎಂಬ ಇವಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಇಲ್ಲಿ ಅಧಿಕಾರಿಯೆಂದರೆ ಕಚೇರಿಯ ಅಧಿಕಾರಿಯಲ್ಲ. ಆ ವಿದ್ಯೆಗೆ ಬೇಕಾದ ಪೂರ್ವಸಿದ್ಧತೆಯುಳ್ಳವನು. ಇಂದಿನ ವಿಶ್ವವಿದ್ಯಾನಿಲಯಗಳೂ ಬಾಗಿಲಿಗೆ ಬಂದ ವಿದ್ಯಾರ್ಥಿಯಲ್ಲಿ ಮೊದಲು ವಿಚಾರಿಸುವುದು ಈ ಅಧಿಕಾರವನ್ನೇ. ನಮ್ಮ ಗೃಹಸ್ಥರಾದರೋ “ಎಷ್ಟು ಅಂಕ ಬಂದಿತು?” ಎಂದು ಕೇಳುವ ಆತುರದಲ್ಲಿ “ಏನನ್ನು ಓದಿದೆ?” ಎಂಬುದನ್ನು ಮರೆಯುತ್ತಾರೆ. ಆ ವಿಚಾರವಾಗಿ ಈ ತಿಂಗಳು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ.

1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದಾಗ ಪ್ರವೇಶ ಪರೀಕ್ಷೆಯನ್ನು ಅವೇ ನಡೆಸುತ್ತಿದ್ದವು. ಮೆಟ್ರಿಕ್ಯುಲೇಷನ್ ಎಂಬ ಮಾತು ಹೀಗೆಯೇ ಮನೆಮಾತಾಯಿತು. ಕಾಲಕ್ರಮದಲ್ಲಿ ಆ ಭಾರವು ಶಾಲಾ ಪರೀಕ್ಷಾ ಮಂಡಲಿಗಳ ಮೇಲೆ ಬಿದ್ದಿತು. ಮಂಡಲಿಗಳು ಹಲವು, ಅಂಕ ಹಾಕುವ ಕೈಗಳೂ ಹಲವು ಬಗೆ. 2021ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಕೆಲವು ಕಾಲೇಜುಗಳು ಕೆಲವು ತರಗತಿಗಳ ಮೊದಲ ಪಟ್ಟಿಗೆ ನೂರಕ್ಕೆ 100 ಅಂಕಗಳನ್ನೇ ಕೇಳುವಂತಾಯಿತು. 2022ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಪದವಿ ತರಗತಿಗಳಿಗೆ ಸಿಯುಇಟಿ ಎಂಬ ಸಾಮಾನ್ಯ ಪರೀಕ್ಷೆಯು ಬಂದಿತು. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಹಳೆಯ ಪದ್ಧತಿಯೇ ಬೇರೆ ವೇಷದಲ್ಲಿ ಮರಳಿತೆನ್ನಬೇಕು.

ಈಗ ಗೃಹಸ್ಥರು ತಿಳಿಯಬೇಕಾದುದೇನೆಂದರೆ, ಅರ್ಹತೆ ಬೇರೆ, ತಾರತಮ್ಯ ಬೇರೆ. ವೈದ್ಯಶಿಕ್ಷಣವನ್ನು ತೆಗೆದುಕೊಳ್ಳೋಣ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ, ಇವುಗಳೊಡನೆ ಇಂಗ್ಲಿಷನ್ನು ಓದಿರಬೇಕು. ಸಾಮಾನ್ಯ ವರ್ಗದವರು ವಿಜ್ಞಾನ ವಿಷಯಗಳಲ್ಲಿ ಒಟ್ಟು ನೂರಕ್ಕೆ 50 ಪಡೆದಿರಬೇಕು. ಇದು ಅರ್ಹತೆ. ಅಷ್ಟನ್ನು ದಾಟಿದ ಮೇಲೆ 51 ಪಡೆದವನೂ 99 ಪಡೆದವನೂ ಸಮಾನರೇ; ಮುಂದಿನ ತಾರತಮ್ಯವೆಲ್ಲ 720 ಅಂಕಗಳ ನೀಟ್ ಪರೀಕ್ಷೆಯದು. ನಮ್ಮ ರಾಜ್ಯದ ಸಿಇಟಿಯ ಮೂಲಕ ಎಂಜಿನಿಯರಿಂಗ್ ಸೇರುವವರ ಕ್ರಮವೇ ಬೇರೆ: ಅಲ್ಲಿ ಪಿಯುಸಿಯ ಅಂಕಗಳೂ ಪ್ರವೇಶ ಪರೀಕ್ಷೆಯ ಅಂಕಗಳೂ ಸಮಭಾಗವಾಗಿ ಎಣಿಕೆಗೆ ಬರುತ್ತವೆ. ಆದಕಾರಣ ಯಾವ ತಕ್ಕಡಿಯಲ್ಲಿ ತೂಗುತ್ತಾರೆಂಬುದನ್ನು ಅರಿಯದೆ ಮಕ್ಕಳನ್ನು ದುಡಿಸುವುದು ವ್ಯರ್ಥ.

ಇನ್ನು ವಿಷಯಗಳ ಮಾತು. ಹತ್ತನೆಯ ತರಗತಿ ಮುಗಿದು ಪಿಯುಸಿ ಸೇರುವಾಗ ಎಲ್ಲರೂ ಕಾಂಬಿನೇಷನ್ ಎಂದು ಕರೆಯುವ ವಿಷಯಕೂಟವನ್ನು ಆರಿಸಬೇಕಷ್ಟೆ. ಆಗ ಮಗುವಿಗೆ ಹದಿನೈದೋ ಹದಿನಾರೋ ವಯಸ್ಸು. ಗಣಿತವು ಕಷ್ಟವೆಂದು ನೆರೆಮನೆಯವರು ಹೆದರಿಸಿದರು, ತಂದೆಯು ಗಣಿತವಿಲ್ಲದ ವಾಣಿಜ್ಯ ವಿಭಾಗಕ್ಕೆ ಮಗಳನ್ನು ಸೇರಿಸಿದನು ಎಂದು ಇಟ್ಟುಕೊಳ್ಳಿ. ಹುಡುಗಿಯು ಶ್ರದ್ಧೆಯಿಂದ ಓದಿ, ಅರ್ಥಶಾಸ್ತ್ರದಲ್ಲಿ ಮನಸ್ಸಿಟ್ಟು, ಉತ್ತಮ ಅಂಕಗಳನ್ನೇ ಪಡೆದಳು. ದೆಹಲಿಯಲ್ಲಿ ಅರ್ಥಶಾಸ್ತ್ರದ ಆನರ್ಸ್ ಓದಬೇಕೆಂಬುದು ಅವಳ ಆಸೆ. ಆದರೆ ಆ ತರಗತಿಗೆ ಸಿಯುಇಟಿಯಲ್ಲಿ ಗಣಿತವನ್ನು ಬರೆಯಲೇಬೇಕು. ದ್ವಿತೀಯ ಪಿಯುಸಿಯಲ್ಲಿ ಓದದ ವಿಷಯವನ್ನು ಆ ವಿಶ್ವವಿದ್ಯಾನಿಲಯವು ಒಪ್ಪದು. ಅವಳ ಬುದ್ಧಿಯಲ್ಲಿ ಏನೂ ಕೊರತೆಯಿಲ್ಲ. ಎರಡು ವರ್ಷಗಳ ಹಿಂದೆ ಅರ್ಧ ಗಂಟೆಯಲ್ಲಿ ಮಾಡಿದ ಆಯ್ಕೆಯೊಂದು ಅವಳ ದಾರಿಗೆ ಅಡ್ಡವಾಗಿ ನಿಂತಿತು.

ಹಾಗೆಂದು ಎಲ್ಲರಿಗೂ ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳ ನಾಲ್ಕು ಮೂಟೆಗಳನ್ನು ಹೊರಿಸಿರೆಂದು ನಾವು ಹೇಳುವುದಿಲ್ಲ. ಆ ಕೂಟವು ವೈದ್ಯಕ್ಕೂ ಎಂಜಿನಿಯರಿಂಗಿಗೂ ದಾರಿ ಬಿಟ್ಟಿರುವುದು ನಿಜ. ಆದರೆ ಹೊರಲಾರದ ಹೊರೆಯಿಂದ ನಾಲ್ಕರಲ್ಲಿಯೂ ಸೊರಗಿದ ಮಕ್ಕಳನ್ನು ನಾವು ತರಗತಿಯಲ್ಲಿ ಕಂಡಿದ್ದೇವೆ. ವಿಶಾಲವಾದ ಬಾಗಿಲುಗಳೂ ಉಂಟು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷಗಳ ಪದವಿಗೆ ಯಾವ ವಿಷಯಗಳನ್ನು ಓದಿದ್ದರೂ ಅಡ್ಡಿಯಿಲ್ಲ. ಹನ್ನೆರಡನೆಯ ತರಗತಿಯಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 45 ಸಾಕು. ಉಳಿದುದನ್ನು ಕ್ಲಾಟ್ ಪರೀಕ್ಷೆಯು ನಿರ್ಣಯಿಸುತ್ತದೆ. ಆದರೆ ಆ ಪರೀಕ್ಷೆಯು ಇಂಗ್ಲಿಷಿನಲ್ಲಿ ಮಾತ್ರ ಇರುವುದರಿಂದ, ಭಾಷೆಯ ಸಿದ್ಧತೆಯನ್ನು ಬಹು ಮುಂಚೆಯೇ ತೊಡಗಬೇಕು.

ಕಾಗದಪತ್ರಗಳ ವಿಷಯದಲ್ಲಿ ಒಂದು ಮಾತು. ಸಿಇಟಿಯ ಪ್ರವೇಶಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಮೀಸಲಾತಿಯುಂಟು. ಅದಕ್ಕೆ 1ರಿಂದ 10ನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಎರಡು ಮೂರು ಶಾಲೆ ಬದಲಿಸಿದ ಮಗುವಿಗೆ ಎಲ್ಲ ಕಡೆಯಿಂದಲೂ ಪತ್ರ ತರಬೇಕಾಗುತ್ತದೆ. ಕೊನೆಯ ವಾರದಲ್ಲಿ ಓಡಾಡಿದರೆ ಕೆಲಸವಾಗದು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೆಸರೂ ಜನ್ಮದಿನವೂ ಸರಿಯಾಗಿವೆಯೇ ಎಂದು ಇಂದೇ ನೋಡಿಡಿ.

ಹತ್ತನೆಯ ತರಗತಿಯ ಮಗುವಿರುವ ಮನೆಯವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಫಲಿತಾಂಶಕ್ಕೆ ಕಾಯದೆ ಒಂದು ಭಾನುವಾರ ಮಗುವನ್ನು ಬಳಿಯಲ್ಲಿ ಕುಳ್ಳಿರಿಸಿಕೊಳ್ಳಿ. ಮುಂದೆ ಏನನ್ನು ಓದಬೇಕೆಂದಿದೆಯೆಂದು ಕೇಳಿರಿ. ಆ ವಿದ್ಯೆಯ ಪ್ರವೇಶ ಪ್ರಕಟಣೆಯನ್ನು ತರಿಸಿ, ಯಾವ ವಿಷಯಗಳನ್ನು ಓದಿರಬೇಕೆಂಬ ಭಾಗವನ್ನು ಇಬ್ಬರೂ ಕೂಡಿ ಓದಿರಿ. ನಿಯಮಗಳು ವರ್ಷವರ್ಷಕ್ಕೂ ಬದಲಾಗುವುದುಂಟಾದುದರಿಂದ ಅಣ್ಣನ ಕಾಲದ ಮಾತನ್ನು ತಮ್ಮನಿಗೆ ಅನ್ವಯಿಸಬೇಡಿ. ಅನಂತರವೇ ಅರ್ಜಿಗೆ ಕೈಹಾಕಿರಿ.