ಡಾಕ್ಟರ್ ಕೇಳಬೇಕಾದ ಪ್ರಶ್ನೆ: ಎಲ್ಲಿಂದ ಬಂದಿರಿ?

ಎಂಬಿಬಿಎಸ್ ಮಕ್ಕಳಿಗೆ ಅಂತಾರಾಷ್ಟ್ರೀಯ ಆರೋಗ್ಯದ ಪಾಠ ಯಾಕೆ, ಊರಿನ ರೋಗ ಕಲಿತರೆ ಸಾಲದೇ ಎನ್ನುವವರಿದ್ದಾರೆ. ನಮ್ಮ ಕಾಸರಗೋಡಿನಲ್ಲಿ ಊರಿನ ರೋಗ, ಪರದೇಶದ ರೋಗ ಎಂದು ಬೇರೆ ಮಾಡಲಾಗದು.

2020ರಲ್ಲಿ ಭಾರತದ ಮೊದಲ ಮೂವರು ಕೋವಿಡ್ ರೋಗಿಗಳೂ ವುಹಾನ್‌ನಿಂದ ಮರಳಿದ ವಿದ್ಯಾರ್ಥಿಗಳು. ಮೂರನೆಯವರು ನಮ್ಮ ಜಿಲ್ಲೆಯವರು. ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರ, ಉಪ್ಪಳದ ರೋಗಿಗಳು ಈಚೆಯೇ ಉಳಿದರು. ಚಿಕಿತ್ಸೆ ಸಿಗದೆ ತೀರಿಕೊಂಡವರೂ ಇದ್ದಾರೆ. ವೈರಸ್‌ಗೆ ಇಲ್ಲದ ಗಡಿ ರೋಗಿಗೆ ಯಾಕೆ ಎಂಬುದೂ ಈ ಪಾಠದೊಳಗೇ ಬರುತ್ತದೆ.

ಇನ್ನು ಗಲ್ಫ್. 2000ದ ಹಜ್ ಮುಗಿಸಿದವರ ಜೊತೆ ಮೆನಿಂಜೈಟಿಸ್ ಹಲವು ದೇಶಗಳಿಗೆ ಹೋಯಿತು. ಹಜ್‌ಗೆ ಮುನ್ನ ನಾವು ಹಾಕಿಸಿಕೊಳ್ಳುವ ಲಸಿಕೆ ಆ ರೋಗದ್ದೇ. 2012ರಲ್ಲಿ ಸೌದಿಯಲ್ಲಿ ಪತ್ತೆಯಾದ ಮೆರ್ಸ್ ಒಂಟೆಯಿಂದ ಮನುಷ್ಯರಿಗೆ ಹರಡುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡುಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಅಂಥ ಸೆಕೆಯಲ್ಲಿ ವರ್ಷಗಟ್ಟಲೆ ದುಡಿದು ಬಂದವರ ಕಿಡ್ನಿ ಪರೀಕ್ಷಿಸಬೇಕು ಎಂದು ಡಾಕ್ಟರಿಗೆ ಹೊಳೆಯಬೇಕಾದರೆ ಯಾರಾದರೂ ಕಲಿಸಿರಬೇಕು.

ನಾನು ಮೆಕ್ಯಾನಿಕಲ್ ಡಿಪ್ಲೊಮಾದವನು. ಕೆಟ್ಟ ಯಂತ್ರ ಎಲ್ಲಿ, ಎಷ್ಟು ಕಾಲ ಓಡಿತು ಎಂದು ಕೇಳದೆ ನಾವು ಬಿಚ್ಚುವುದಿಲ್ಲ. ಮನುಷ್ಯರಿಗೆ ಅಷ್ಟಾದರೂ ಬೇಡವೇ?

ಮೆಡಿಕಲ್ ಪಠ್ಯ ಈಗಲೇ ಭಾರ ಎನ್ನುವುದು ನಿಜ. ಹಾಗಾಗಿ ಹೊಸ ಪೇಪರ್ ಬೇಡ. ವಾರ್ಡಿನಲ್ಲಿ ರೋಗಿಯನ್ನು ವಿಚಾರಿಸಲು ಕಲಿಸುವಾಗಲೇ ಎಲ್ಲಿ ದುಡಿದಿರಿ, ಎಲ್ಲಿಗೆ ಪ್ರಯಾಣ ಮಾಡಿದಿರಿ ಎಂದು ಕೇಳಲು ಕಲಿಸಲಿ. ಮಕ್ಕಳಿಗೆ ಮೆಡಿಕಲ್ ಸೀಟು ಹುಡುಕುವ ನಮ್ಮ ಮನೆಗಳವರು ಫೀಸಿನ ಜೊತೆಗೆ ಇದನ್ನೂ ಕಾಲೇಜಿನಲ್ಲಿ ವಿಚಾರಿಸಬೇಕು.