'ನೋ ಪ್ರೋಗ್ರಾಂ' ಅಂದ್ರೆ ಏನು ಅಂತ ಕನ್ನಡದಲ್ಲಿ ಹೇಳ್ರಪ್ಪಾ!

ಟಿವಿಯಲ್ಲಿ ಚಾನೆಲ್ ಮಾಯವಾದರೆ ನಾವೆಲ್ಲ ಮಾಡೋ ಮೊದಲ ಕೆಲಸ ರಿಮೋಟಿಗೆ ಎರಡು ಬಡಿಯೋದು. ಎರಡನೇದು ಕೇಬಲ್‌ನವನಿಗೆ ಬೈಯೋದು. ಎರಡರಿಂದಲೂ ಚಾನೆಲ್ ಬರಲ್ಲ ಅನ್ನೋದು ಬೇರೆ ಮಾತು. ನಾನು ಇವತ್ತು ಬರೆಯೋಕೆ ಹೊರಟಿರೋದೂ ಬೈಗುಳವೇ, ಆದರೆ ಆ ಸೆಟ್ ಟಾಪ್ ಬಾಕ್ಸ್ ಅನ್ನೋ ಡಬ್ಬಿಗೆ. ತನಗೆ ಏನಾಗಿದೆ ಅಂತ ಅದಕ್ಕೆ ಮುಕ್ಕಾಲು ಪಾಲು ಗೊತ್ತಿರುತ್ತೆ ಮಾರಾಯ್ರೇ. ಆದರೂ ನಮಗೆ ಅರ್ಥವಾಗೋ ಹಾಗೆ ಬಾಯಿ ಬಿಡಲ್ಲ.

ಹಳೇ ಅಂಟೆನಾ ಕಾಲ ನೆನಪಿದೆಯಾ? ಒಬ್ಬ ಮಾಡಿನ ಮೇಲೆ, ಒಬ್ಬ ಅಂಗಳದಲ್ಲಿ, ಒಬ್ಬ ಟಿವಿ ಮುಂದೆ. "ಬಂತಾ?" "ಇಲ್ಲ, ಇನ್ನೊಂಚೂರು ತಿರ್ಗ್ಸು." "ಈಗ?" "ಬಂತು, ಬಂತು... ಹೋಯ್ತು!" ಆ ಟಿವಿ ತನ್ನ ಕಾಯಿಲೆಯನ್ನ ಮುಖದ ಮೇಲೇ ತೋರಿಸ್ತಿತ್ತು. ಚುಕ್ಕಿ ಚುಕ್ಕಿ ಬಂದರೆ ಸಿಗ್ನಲ್ ಸಾಲದು ಅಂತ. ಒಬ್ಬರ ಹಿಂದೆ ಇನ್ನೊಬ್ಬರು ನಿಂತ ಹಾಗೆ ಎರಡೆರಡು ಚಿತ್ರ ಬಂದರೆ ಎಲ್ಲೋ ಗುಡ್ಡಕ್ಕೆ ಬಡಿದು ಬರ್ತಿದೆ ಅಂತ. ಇಂಗ್ಲಿಷ್ ಬೇಡ, ಕನ್ನಡವೂ ಬೇಡ, ಕಣ್ಣಿದ್ದರೆ ಸಾಕಿತ್ತು. ಡಿಜಿಟಲ್ ಹಾಗಲ್ಲ. ಸಿಗ್ನಲ್ ಒಂದು ಮಟ್ಟದವರೆಗೆ ಇಳಿದರೂ ಚಿತ್ರ ಫಳಫಳ ಅಂತಿರುತ್ತೆ, ಆಮೇಲೆ ಒಂದಿಷ್ಟು ಚೌಕ ಚೌಕ, ಮರುಕ್ಷಣ ಕಪ್ಪು ಪರದೆ. ಬೆಂಗಳೂರು, ಮೈಸೂರಿನ ಕೇಬಲ್ ಮನೆಗಳಿಗೆ ಡಿಜಿಟಲ್ ಆಗೋಕೆ ಸರ್ಕಾರ ಕೊಟ್ಟಿದ್ದ ಗಡುವು 2013ರ ಮಾರ್ಚ್ 31. ಅಲ್ಲಿಂದ ಇಲ್ಲಿಯವರೆಗೆ ಚಿತ್ರ ಚೆನ್ನಾಗಾಯ್ತು, ಚಾನೆಲ್ ನೂರಾರು ಆಯ್ತು. ಏನು ಕೆಟ್ಟಿದೆ ಅಂತ ಕಂಡುಹಿಡಿಯೋ ಶಕ್ತಿ ಮಾತ್ರ ಮನೆಯವರ ಕೈಯಿಂದ ಹೋಯ್ತು.

ನಮ್ಮ ಅತ್ತೆ ಮಲೆನಾಡಿನ ಹಳ್ಳಿಯಲ್ಲಿರೋದು. ಮನೇಲಿ ಫ್ರೀ ಡಿಶ್. 2002ರಲ್ಲಿ ಚಂದನದಲ್ಲಿ 'ಥಟ್ ಅಂತ ಹೇಳಿ' ಶುರುವಾದಾಗಿನಿಂದ ಅದರ ಭಕ್ತೆ, ಉತ್ತರ ಸೋಮೇಶ್ವರರಿಗಿಂತ ಮೊದಲು ತಾನೇ ಹೇಳಬೇಕು :) ಒಂದು ದಿನ ಫೋನ್ ಮಾಡಿ, "ಅದೆಂಥದೋ ಪ್ರೋಗ್ರಾಂ ಇಲ್ವಂತೆ ಮಾರಾಯ, ಮೂರು ದಿನ ಆಯ್ತು. ಟಿವಿಯವರದ್ದು ಸ್ಟ್ರೈಕಾ?" ಅಂದಳು. ನನಗೆ ತಲೆಬುಡ ಅರ್ಥ ಆಗಲಿಲ್ಲ. ಪರದೆ ಮೇಲೆ ಇರೋದನ್ನ ಓದು ಅಂದೆ. ಎನ್, ಓ, ಪಿ, ಆರ್... ಅಂತ ಒಂದೊಂದೇ ಅಕ್ಷರ ಓದಿದಳು. 'ನೋ ಪ್ರೋಗ್ರಾಂ'!

ಆಗಿದ್ದಿಷ್ಟೇ. ಹಿಂದಿನ ವಾರದ ಗುಡುಗಿನಲ್ಲಿ ಕರೆಂಟು ಹೋಗಿ ಬಂದು ಮಾಡಿದ ಗಲಾಟೆಗೆ ಡಬ್ಬಿಯೊಳಗಿನ ಚಾನೆಲ್ ಪಟ್ಟಿ ಅಳಿಸಿಹೋಗಿತ್ತು. ಅತ್ತೆಗೆ ಓದೋಕೂ ಬಂತು, ಎರಡೂ ಪದದ ಅರ್ಥವೂ ಗೊತ್ತಿತ್ತು. ಆ ಅರ್ಥವೇ ಅವಳನ್ನ ಮೂರು ದಿನ ಸುಮ್ಮನೆ ಕೂರಿಸಿದ್ದು. ನಾನು ಫೋನ್ ಮಾಡಿಸೋ ಹೊತ್ತಿಗೆ ಪೇಟೆಯಿಂದ ಒಬ್ಬ ಹುಡುಗನಿಗೆ ಹೇಳಿಯಾಗಿತ್ತು. ಅವನು ಬೈಕಲ್ಲಿ ಬಂದ, ಮೆನುಗೆ ಹೋದ, ನಾಲ್ಕು ಸೊನ್ನೆ ಒತ್ತಿದ, ಆಟೋ ಸ್ಕ್ಯಾನ್ ಕೊಟ್ಟ, ಕಾಫಿ ಕುಡಿದ, ಮುನ್ನೂರೈವತ್ತು ರೂಪಾಯಿ ತಗೊಂಡು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಪೆಟ್ರೋಲಿಗಾದರೂ ಬೇಕಲ್ಲ. "ಚಾನೆಲ್ ಪಟ್ಟಿ ಅಳಿಸಿದೆ, ಮತ್ತೆ ಹುಡುಕಲು ಈ ಗುಂಡಿ ಒತ್ತಿ" ಅಂತ ಡಬ್ಬಿ ಕನ್ನಡದಲ್ಲಿ ಒಂದು ಸಾಲು ಹೇಳಿದ್ದರೆ ಆ ಕೆಲಸ ಅತ್ತೆಯೇ ಮಾಡ್ತಿದ್ದಳು.

ಯಾಕೆ ಇಷ್ಟು ಹಟ ಅಂದರೆ, ಚಾನೆಲ್ ಕಾಣೆಯಾಗೋದರಲ್ಲಿ ಬೇರೆ ಬೇರೆ ಜಾತಿ ಇದೆ, ಒಂದರ ಮದ್ದು ಇನ್ನೊಂದಕ್ಕೆ ನಾಟಲ್ಲ. ಒಂದು ತರಂಗದ ಮೇಲೆ ಹತ್ತಾರು ಚಾನೆಲ್ ಒಟ್ಟಿಗೆ ಬಸ್ಸು ಹತ್ತಿದ ಹಾಗೆ ಬರ್ತವೆ. ಹಾಗಾಗಿ ಒಂದು ಗುಂಪೇ ಹೋಗಿದ್ದರೆ ಸಿಗ್ನಲ್ ಕಡೆ ನೋಡಬೇಕು. ಒಂದೇ ಒಂದು ಹೋಗಿ ಅಕ್ಕಪಕ್ಕದವೆಲ್ಲ ಇದ್ದರೆ ಡಿಶ್ ಮುಟ್ಟಲೇಬೇಡಿ. ಆ ಚಾನೆಲ್ಲೇ ಜಾಗ ಬದಲಿಸಿರುತ್ತೆ, ಇಲ್ಲಾ ನಿಮ್ಮ ಪ್ಯಾಕಿನಿಂದ ಹೊರಗೆ ಹೋಗಿರುತ್ತೆ. ಸಿಗ್ನಲ್ ನೋಡುವಾಗಲೂ ಮೆನುವಿನಲ್ಲಿ ಎರಡು ಪಟ್ಟಿ ಬರುತ್ತಲ್ಲ, 'ಸ್ಟ್ರೆಂತ್' ಮತ್ತು 'ಕ್ವಾಲಿಟಿ', ಅದರಲ್ಲಿ ನಂಬಬೇಕಾದ್ದು ಕ್ವಾಲಿಟಿಯನ್ನ. ವೈರು ಸರಿಯಿದ್ದು ಡಿಶ್ ಆಕಾಶದ ಯಾವುದೋ ಖಾಲಿ ಮೂಲೆ ನೋಡ್ತಿದ್ದರೂ ಸ್ಟ್ರೆಂತ್ ಗಟ್ಟಿಯಾಗೇ ತೋರಿಸಬಹುದು! ಫ್ರೀ ಡಿಶ್‌ನ ಉಪಗ್ರಹ ಇರೋದು 93.5 ಡಿಗ್ರಿ ಪೂರ್ವದಲ್ಲಿ, ನಮ್ಮ ಕಡೆಯಿಂದ ಆಗ್ನೇಯಕ್ಕೆ, ಸಾಕಷ್ಟು ನೆತ್ತಿಯ ಕಡೆಗೆ. (ವಾಸ್ತು ಪ್ರಕಾರ ಅಡುಗೆಮನೆಯ ಮೂಲೆ, ಡಿಶ್ಶಿಗೂ ಶುಭ.) ಆ ದಿಕ್ಕಿಗೆ ಹೊಸ ತೆಂಗಿನ ಗರಿ ಬಂದಿದೆಯಾ, ಮಂಗ ಹತ್ತಿ ಡಿಶ್ ವಾಲಿಸಿದೆಯಾ ನೋಡಿ. ಜೋರು ಮಳೆಗೆ ಹೋಗಿದ್ದರೆ ಮಳೆ ಬಿಡೋವರೆಗೆ ಕಾಯೋದೇ ಮದ್ದು. ಇನ್ನು ಹಳೇ ಎಂಪೆಗ್-2 ಡಬ್ಬಿ ಇಟ್ಟುಕೊಂಡವರು ಎಷ್ಟೇ ಸ್ಕ್ಯಾನ್ ಮಾಡಿದರೂ ಎಂಪೆಗ್-4 ಚಾನೆಲ್ ನೋಡೋಕಾಗಲ್ಲ.

ದುಡ್ಡು ಕೊಟ್ಟು ನೋಡೋ ಡಿಟಿಎಚ್‌ನಲ್ಲಿ ಇನ್ನೊಂದು ಮಜಾ. ರೀಚಾರ್ಜ್ ಮಾಡಿದ ಮೇಲೆ "ಇವರಿಗೆ ತೋರಿಸು" ಅನ್ನೋ ಅಪ್ಪಣೆ ಆಕಾಶದಿಂದಲೇ ಇಳಿದು ಬರಬೇಕು, ಅದಕ್ಕೆ ಡಬ್ಬಿ ಆನ್ ಇರಬೇಕು. ನಮ್ಮ ಹಿರಿಯರು ಏನು ಮಾಡ್ತಾರೆ? ದುಡ್ಡು ಕಟ್ಟಿ, ಚಾನೆಲ್ ಬರಲಿಲ್ಲ ಅಂತ ಗೋಡೆ ಸ್ವಿಚ್ಚೇ ಆರಿಸಿ ಮಲಗ್ತಾರೆ. "ಅರ್ಧ ಗಂಟೆ ಆನ್ ಇಟ್ಟಿರಿ" ಅಂತ ಪರದೆ ಮೇಲೆ ಬರೆಯೋಕೆ ಏನು ಕಷ್ಟ?

ಕೆಲವು ಸಲ ನಮ್ಮ ಕೈಯಲ್ಲಿ ಮಾಡೋದು ಏನೂ ಇರಲ್ಲ. 2019ರ ಫೆಬ್ರವರಿ 1ರಿಂದ ಟ್ರಾಯ್‌ನ ಹೊಸ ದರಪದ್ಧತಿ ಬಂತು, ಪೇ ಚಾನೆಲ್‌ಗಳನ್ನ ನಾವೇ ಆರಿಸಿಕೊಳ್ಳಬೇಕಾಯ್ತು, ಆರಿಸದವರಿಗೆ ಎಷ್ಟೋ ಚಾನೆಲ್ ಹೋಯ್ತು. 2023ರ ಫೆಬ್ರವರಿಯಲ್ಲಿ ಹೊಸ ದರದ ಒಪ್ಪಂದಕ್ಕೆ ಸಹಿ ಹಾಕದ ಕೇಬಲ್ ಜಾಲಗಳಿಗೆ ಡಿಸ್ನಿ ಸ್ಟಾರ್, ಜೀ, ಸೋನಿ ಚಾನೆಲ್ ಕೊಡೋದನ್ನೇ ನಿಲ್ಲಿಸಿದವು. ಅದು ವ್ಯಾಪಾರದ ಜಗಳ. ಅಂಥ ಹೊತ್ತಲ್ಲಿ ಮನೆಯಲ್ಲಿ ಕೂತು ವೈರು ಕಿತ್ತು ಸಿಕ್ಕಿಸಿದರೆ ಬೆರಳು ನೋಯುತ್ತೆ ಅಷ್ಟೇ.

ಸಿಗ್ನಲ್ ಹಿಡಿದಿದೆಯಾ ಇಲ್ಲವಾ, ತನ್ನ ಪಟ್ಟಿಯಲ್ಲಿದ್ದ ಚಾನೆಲ್ ಆ ತರಂಗದಲ್ಲಿ ಇನ್ನೂ ಇದೆಯಾ, ತೋರಿಸೋಕೆ ಅಪ್ಪಣೆ ಇದೆಯಾ, ಈ ಮೂರೂ ಡಬ್ಬಿಗೆ ಗೊತ್ತಾಗುತ್ತೆ. ಮೂರಕ್ಕೆ ಮೂರು ಕನ್ನಡ ವಾಕ್ಯ ಸಾಕು. ತಾಂತ್ರಿಕವಾಗಿ ಕಷ್ಟ ಅಂತ ಯಾರಾದರೂ ಹೇಳಿದರೆ ನಾವು ಬ್ಲಾಗಿಗರು ನಂಬಬಾರದು ಸ್ವಾಮೀ. ಕನ್ನಡ ಅಕ್ಷರದ ಬದಲು ಚೌಕ ಚೌಕ ಕಾಣ್ತಿದ್ದ ಕಾಲದಲ್ಲಿ ತುಂಗಾ ಫಾಂಟ್, ಬರಹ ಅಂತ ಒದ್ದಾಡಿಕೊಂಡೇ ಯೂನಿಕೋಡಿನಲ್ಲಿ ಬರೆಯೋಕೆ ಶುರುಮಾಡಿದವರು ನಾವು. ಆಗ ಕಂಪ್ಯೂಟರಲ್ಲಿ ಕನ್ನಡ ಆಗಲ್ಲ ಅಂದವರಿದ್ದರು. ಹೋಗಲಿ, ಹೊಸ ಅಕ್ಷರ ಅಚ್ಚು ಹಾಕೋಕೆ ಡಬ್ಬಿಯಲ್ಲಿ ಜಾಗ ಇಲ್ಲ ಅಂತಲೇ ಇಟ್ಟುಕೊಳ್ಳೋಣ, ಮೂರು ವಾಕ್ಯವನ್ನ ಚಿತ್ರವಾಗಿಯಾದರೂ ತುರುಕಬಹುದಲ್ಲ? ಹಾಂ, ಗೂಗಲ್ಲಿಗೆ ಹಾಕಿ "ಕಾರ್ಯಕ್ರಮವಿಲ್ಲ" ಅಂತ ಅನುವಾದ ಮಾಡಿ ಕೈ ತೊಳೆದುಕೊಂಡರೆ ನಮ್ಮ ಅತ್ತೆ ಮತ್ತೆ ಸ್ಟ್ರೈಕ್ ಅಂತಲೇ ತಿಳಿಯೋದು!

ನಿಮ್ಮ ಊರ ಮನೆಯ ಡಬ್ಬಿ ಚಾನೆಲ್ ಹೋದಾಗ ಏನು ಬರೆದು ತೋರಿಸುತ್ತೆ? ಇದ್ದದ್ದು ಇದ್ದ ಹಾಗೇ ಕಮೆಂಟಿನಲ್ಲಿ ಹಾಕಿ. ಜೊತೆಗೆ ಅದನ್ನ ನಿಮ್ಮ ಅಮ್ಮನಿಗೆ ಕನ್ನಡದಲ್ಲಿ ಹೇಗೆ ಹೇಳ್ತಿದ್ರಿ ಅನ್ನೋದನ್ನೂ ಬರೀರಿ. ಒಂದಿಪ್ಪತ್ತು ಸೇರಿದರೆ ಟ್ರಾಯ್‌ಗೆ ಒಂದು ಪತ್ರ ಬರೆಯೋಣ, ಕರಡು ನಾನು ಹಾಕ್ತೀನಿ.